ಮುತ್ಯಾಲಮ್ಮನ ಐದು ವರ್ಷದ ಬಾಂಡು

ಬಂಗಾರಪೇಟೆಯ ರೈಲ್ವೆ ಗೇಟಿನ ಹಿಂದಿದ್ದ ಐದು ಬಾಡಿಗೆ ಮನೆಗಳನ್ನು ಕ್ಯಾಸಂಬಳ್ಳಿಯ ಮುತ್ಯಾಲಮ್ಮ ಹಾಲು ಮಾರಿದ ದುಡ್ಡಿನಲ್ಲಿ ಕಟ್ಟಿಸಿದ್ದಳು. ಗೋಡೆಗಳಿಗೆ ನೀರು ಹೊತ್ತು ಹಾಕಿದ್ದೂ ಅವಳೇ. ಇಪ್ಪತ್ತೆರಡು ವರ್ಷ, ಪ್ರತಿ ತಿಂಗಳ ಐದನೇ ತಾರೀಖು ಬಸ್ಸು ಹತ್ತಿ ಹೋಗಿ, ಬಾಡಿಗೆ ವಸೂಲಿ ಮಾಡಿ, ಐದು ಮನೆಯಲ್ಲೂ ಕಾಫಿ ಕುಡಿದು, ಐದು ಮನೆಯ ಜಗಳವನ್ನೂ ತೀರಿಸಿ ಬರುತ್ತಿದ್ದಳು. ಕೊನೆಗೆ ಮಂಡಿ ಒಪ್ಪಲಿಲ್ಲ. ನೀರಿನ ಟ್ಯಾಂಕಿನ ಏಣಿ ಹತ್ತಲಾಗದ ದಿನ ಮಾರುವ ಮಾತೆತ್ತಿದಳು, ಮಾರಿಯೂ ಬಿಟ್ಟಳು.

ತೆರಿಗೆ ಲೆಕ್ಕ ನೋಡುವ ಶ್ಯಾಮಲಾ ಬಿಡಿಸಿ ಹೇಳಿದಳು: "ಲಾಭ ಮೂವತ್ತೆರಡು ಲಕ್ಷ ಅಮ್ಮ. ಸುಮ್ನಿದ್ರೆ ನಾಲ್ಕು ಲಕ್ಷ ಟ್ಯಾಕ್ಸು. ಆರು ತಿಂಗಳೊಳಗೆ ಬಾಂಡ್ ತಗೊಂಡ್ರೆ ಅದು ಉಳೀತದೆ. ಐದು ವರ್ಷ ಅಸಲು ಮುಟ್ಟೋ ಹಂಗಿಲ್ಲ. ವರ್ಷಾ ವರ್ಷಾ ಬಡ್ಡಿ ಬತ್ತದೆ, ಕೂತು ತಿನ್ನಿ."

"ಐದು ವರ್ಷಾನಾ! ಅಷ್ಟೊತ್ಗೆ ಯಾರಿರ್ತಾರೋ, ಯಾರಿಲ್ವೋ!" ಎಂದು ಮುತ್ಯಾಲಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಗಂಡ ಕದಿರಪ್ಪ ಬೀಡಿ ಸೇದುತ್ತಾ ಕೆಮ್ಮುತ್ತಿದ್ದ.

ನಮ್ಮ ಕಡೆ ಬಾಂಡು ಎಂದರೆ ಛಾಪಾ ಕಾಗದ. ಭೋಗ್ಯಕ್ಕೂ ಅದೇ, ಭಾಗಕ್ಕೂ ಅದೇ. ಮುತ್ಯಾಲಮ್ಮ ನೆಟ್ಟಗೆ ತಾಲ್ಲೂಕು ಕಚೇರಿ ಪಕ್ಕದ ಅಂಗಡಿಗೆ ಹೋದಳು. "ಯಾರ್ಯಾರ ಹೆಸರಿಗೆ?" ಎಂದು ಅಂಗಡಿಯವನು ಕೇಳಿದ. "ನಂದೂ, ನಮ್ಮನೆಯವರ್ದೂ." ಎರಡೂ ಹೆಸರು ಅಚ್ಚಾದ ನೂರು ರೂಪಾಯಿಯ ಬಾಂಡನ್ನು ತಂದು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗಿಟ್ಟಳು. "ತಗೊಂಡೆ ಕಣಮ್ಮ," ಎಂದು ಶ್ಯಾಮಲಾಗೆ ಫೋನೂ ಮಾಡಿದಳು. ನೂರು ರೂಪಾಯಿಗೆ ನಾಲ್ಕು ಲಕ್ಷ ಉಳಿಸಿದ ಜಾಣತನವನ್ನು ಐದು ತಿಂಗಳು ಹಾಲಿನ ಡೈರಿ ಮುಂದೆ ಸಾರಿದ್ದೇ ಸಾರಿದ್ದು.

ತೆರಿಗೆ ರಿಟರ್ನ್ ಹಾಕಲು ಶ್ಯಾಮಲಾ ಕಾಗದ ಕೇಳಿದಾಗ ಮುತ್ಯಾಲಮ್ಮ ರೇಷ್ಮೆ ಸೀರೆಯ ಮಡಿಕೆ ಬಿಡಿಸಿ ಬಾಂಡು ತೋರಿಸಿದಳು. ಶ್ಯಾಮಲಾ ಹಣೆ ಚಚ್ಚಿಕೊಂಡಳು.

"ಇದಲ್ಲಮ್ಮ! ಬ್ಯಾಂಕಲ್ಲಿ ದುಡ್ಡು ಕಟ್ಟಿ ತಗೊಳ್ಳೋ ಸರ್ಕಾರದ ಕಂಪನಿ ಬಾಂಡು! ಆರು ತಿಂಗಳಿಗೆ ಇನ್ನೆಂಟೇ ದಿನ ಐತೆ!"

ನಾಲ್ಕು ಲಕ್ಷ ಎಂದರೆ ಮುತ್ಯಾಲಮ್ಮನ ಲೆಕ್ಕದಲ್ಲಿ ಒಂದು ಮನೆಯ ನಾಲ್ಕು ಗೋಡೆ, ತಾನು ಹೊತ್ತ ಅಷ್ಟೂ ಬಿಂದಿಗೆ. ಮಂಡಿನೋವು ಅದೆಲ್ಲಿ ಹೋಯಿತೋ, ಶ್ಯಾಮಲಾಳನ್ನು ಎಳೆದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಿದಳು. ಅರ್ಜಿಗೆ ಸಹಿ ಹಾಕಿ ಚೆಕ್ಕು ಕೊಟ್ಟು, ಖಾತೆಯಿಂದ ದುಡ್ಡು ಹೋಯಿತೆಂದು ಮೂರನೇ ದಿನ ಮೆಸೇಜು ಬರುವವರೆಗೂ ಅವಳಿಗೆ ಮುದ್ದೆ ಇಳಿಯಲಿಲ್ಲ.

ಕದಿರಪ್ಪನಿಗೆ ಹಬ್ಬ. "ಲೇ, ಆ ನೂರು ರೂಪಾಯಿ ಬಾಂಡ್ಗೆ ಬಡ್ಡಿ ಎಷ್ಟು ಬಂತೇ?"

"ಬತ್ತದೆ, ತಡಿ." ಆ ಛಾಪಾ ಕಾಗದದ ಸಮೇತ ಅವನನ್ನು ಶ್ಯಾಮಲಾಳ ಮುಂದೆ ಕೂರಿಸಿದಳು. "ಬರಿಯಮ್ಮ: ಕದಿರಪ್ಪನಾದ ನಾನು ಇನ್ನು ಬೀಡಿ ಮುಟ್ಟುವುದಿಲ್ಲ. ಐದು ವರ್ಷ ತುಂಬಿ ಅಸಲು ಕೈಗೆ ಬರುವ ದಿನ ಮುತ್ಯಾಲಮ್ಮನ ಪಕ್ಕದಲ್ಲೇ ಕೂತಿರತಕ್ಕದ್ದು."

ಶ್ಯಾಮಲಾ ನಗುತ್ತಾ ಬರೆದಳು. ಕದಿರಪ್ಪನೂ ನಗುತ್ತಿದ್ದ, ಹೆಂಡತಿ ನಗುತ್ತಿಲ್ಲವೆಂದು ಅವನಿಗೆ ಆಮೇಲೆ ಗೊತ್ತಾಯಿತು.

"ಐದು ವರ್ಷಕ್ಕೇನಾ?" ಎಂದ ಮೆಲ್ಲಗೆ.

"ಆಮೇಲೆ ಇನ್ನೊಂದ್ ಬಾಂಡ್ ತತ್ತೀನಿ."

ಹೆಸರು ಮೊದಲೇ ಅಚ್ಚಾಗಿತ್ತು. ಕದಿರಪ್ಪ ಜೇಬಿನ ಬೀಡಿ ಕಟ್ಟು ತೆಗೆದು ಮೇಜಿನ ಮೇಲಿಟ್ಟು, ಸಹಿ ಹಾಕಿದ.