ಸಾಕಮ್ಮ ಹೊದ್ದು ತೋರಿಸಿದ ದುಪ್ಪಟಿ

ಪುಷ್ಯ ಮಾಸದ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ, ಹುಣಸೂರಿನ ನಮ್ಮ ಮನೆಯ ಜಗಲಿ. ಇದ್ದವರು ನಾನು, ಸಾಕಮ್ಮ, ಗೂಡ್ಸ್ ಆಟೋದ ನಂಜುಂಡ. ಸಾಕಮ್ಮ ಹಳೆಯ ದುಪ್ಪಟಿಯೊಂದನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಆಮೇಲೆ ಎರಡೂ ಕೈಯಲ್ಲಿ ಜಗ್ಗಿ, ಬೆಳಕಿಗೆ ಹಿಡಿದು ತೀರ್ಪು ಕೊಟ್ಟಳು. "ಇದ್ಕಿನ್ನೂ ಉಸ್ರೈತೆ. ಮಡಗಿ."

ನಾನು ಹಾಸ್ಟೆಲ್ ವಾರ್ಡನ್ ಆಗಿದ್ದಾಗ ಆಕೆ ಅಲ್ಲಿ ಬಟ್ಟೆ ಒಗೆಯುತ್ತಿದ್ದಳು. ಇಬ್ಬರೂ ನಿವೃತ್ತರಾದ ಮೇಲೆ ಮನೆಮನೆಯಿಂದ ಹಳೆಯ ಹೊದಿಕೆ, ಟವೆಲ್ ಕೇಳಿ ತಂದು ಇಲ್ಲದವರಿಗೆ ಹಂಚುವ ಕೆಲಸಕ್ಕೆ ನನ್ನನ್ನು ಎಳೆದವಳು ಅವಳೇ. ಗಟ್ಟಿಯಾದದ್ದು ಹಾಗೇ ಹೋಗುತ್ತಿತ್ತು. ಸವೆದದ್ದನ್ನು ಮೂರು ಪದರ ಸೇರಿಸಿ ಬೊಂತೆ ಹೊಲಿಯುತ್ತಿದ್ದಳು. ಮೆತ್ತನೆಯ ಟವೆಲ್ಲು ಕೂಸುಗಳಿಗೆ, ಚಿಂದಿ ಗ್ಯಾರೇಜಿಗೆ. ಕೊಳೆ ಬಟ್ಟೆ ನೀಡಿದವರ ಮುಖಕ್ಕೇ ಹೇಳುವಳು: "ಒಗ್ದು ಕೊಡಿ ಕಣವ್ವಾ. ಬಡವ್ರಿಗೂ ಮೂಗೈತೆ."

ಆ ಬೆಳಿಗ್ಗೆ ಆಕೆ ಟೀ ಕುಡಿಯಲು ಒಳಗೆ ಹೋದಳು. ಮೂಲೆಯಲ್ಲಿ ಬೇರೆಯಾಗಿಟ್ಟಿದ್ದ ಏಳೆಂಟು ದುಪ್ಪಟಿಗಳ ಚುಂಗಿಗೆ ಗಂಟು ಹಾಕಿತ್ತು. ನನಗೆ ಅಶಿಸ್ತು ಸಹಿಸದು. ಗಂಟು ಬಿಚ್ಚಿ, ಎಲ್ಲವನ್ನೂ ಅಳತೆಯ ಪ್ರಕಾರ ಮಡಿಸಿ ಚೀಲಗಳಿಗೆ ತುಂಬಿದೆ.

ಭೇರ್ಯದ ಹತ್ತಿರ ಎಚ್.ಡಿ. ಕೋಟೆ ಕಡೆಯಿಂದ ಕಬ್ಬು ಕಡಿಯಲು ಬಂದವರ ಗುಡಿಸಲುಗಳಿದ್ದವು. ನಂಜುಂಡನ ಆಟೋದಲ್ಲಿ ಅಲ್ಲಿಗೆ ತಲುಪಿದಾಗ ಒಂಬತ್ತಾದರೂ ಮಂಜು ಕರಗಿರಲಿಲ್ಲ. ಕೂಸುಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಹೆಂಗಸರು ಕಾದಿದ್ದರು. ಚೀಲ ಬಿಚ್ಚಿದ ಸಾಕಮ್ಮ ಗಂಟು ಹಾಕಿದ್ದ ದುಪ್ಪಟಿಗಳು ಎಲ್ಲಿ ಎಂದಳು. ಹೇಳಿದೆ. ಆಕೆಯ ಮುಖ ಇಳಿಯಿತು. ಗಂಟು ಹಾಕಿದ್ದು ಸತ್ತವರ ಹೊದಿಕೆಗಳಂತೆ. ಅವನ್ನು ಆಕೆ ದನದ ಆಸ್ಪತ್ರೆಯ ಕರುಗಳಿಗೆ ಕೊಡುತ್ತಿದ್ದಳಂತೆ. ಈಗ ಯಾವುದು ಯಾವುದೋ ಗೊತ್ತಾಗುವಂತಿರಲಿಲ್ಲ.

ಸುಮ್ಮನೆ ಹಂಚಿಬಿಡೋಣ, ಯಾರಿಗೆ ತಿಳಿಯುತ್ತದೆ ಎಂದು ಪಿಸುಗುಟ್ಟಿದೆ.

"ಬ್ಯಾಡಿ ಮೇಡಮ್ನೋರೆ. ಯೋಳ್ದೆ ಹೊದಿಸಿದ್ರೆ ಅದು ದಾನ ಅಲ್ಲ, ಮೋಸ."

ಆಕೆ ಎಲ್ಲರೆದುರು ಹೇಳಿಯೇ ಬಿಟ್ಟಳು. ಚಾಚಿದ ಕೈಗಳು ಹಿಂದೆ ಸರಿದವು. ಕೂಲಿಯವರ ಮೇಸ್ತ್ರಿ ಮುದುಕ ಮೂಟೆಗಳನ್ನು ವಾಪಸು ಏರಿಸಲು ನಂಜುಂಡನಿಗೆ ಹೇಳಿದ. ನನ್ನ ಅಚ್ಚುಕಟ್ಟುತನದಿಂದಾಗಿ ಅಷ್ಟು ಕೂಸುಗಳು ಚಳಿಯಲ್ಲೇ ಉಳಿಯಬೇಕಾಗಿತ್ತು.

ಸಾಕಮ್ಮ ತಾನು ಹೊದ್ದಿದ್ದ ಬೂದಿ ಬಣ್ಣದ ಶಾಲನ್ನು ಎತ್ತಿ ಹಿಡಿದಳು. "ಇದು ನನ್ ಗಂಡಂದು. ಅವ್ನು ಹೋದ ದಿನ ಬಿಸಾಕಕ್ಕೆ ಅಂತ ಕೆರೆ ಗಂಟ ಹೋದೆ, ಕೈ ಬರ್ನಿಲ್ಲ. ಏಳು ಚಳಿ ಹೊದ್ದಿವ್ನಿ. ಗಂಟು ಹಾಕ್ತಿದ್ದುದು ಜನದ ಭಯಕ್ಕೆ ಕಣ್ರವ್ವಾ, ಬಟ್ಟೆ ಭಯಕ್ಕಲ್ಲ."

ಹಾಗೆಂದವಳೇ ರಾಶಿಯಿಂದ ಕೈಗೆ ಸಿಕ್ಕ ದುಪ್ಪಟಿ ಎಳೆದು, ಕಬ್ಬಿನ ತರಗಿನ ಮೇಲೆ ಉದ್ದಕ್ಕೆ ಮಲಗಿ ತಲೆತುಂಬ ಹೊದ್ದುಕೊಂಡಳು. ಒಳಗಿನಿಂದ ಗೊರಕೆ ಕೇಳಿಸಿತು. ಬೇಕೆಂದೇ ಹೊಡೆದ ಗೊರಕೆ. ಒಬ್ಬ ಎಳೆ ಬಾಣಂತಿ ಕಿಸಕ್ಕನೆ ನಕ್ಕು, ಮುಂದೆ ಬಂದು ದುಪ್ಪಟಿಯ ಅಂಚು ಹಿಡಿದಳು.

"ಏಳಜ್ಜಿ. ನೀನೇ ಮನಿಕಬುಟ್ರೆ ನನ್ ಕೂಸು ಏನ ಹೊದ್ಕತದೆ?"

ಆಮೇಲೆ ನೂಕುನುಗ್ಗಲು. ಎಲ್ಲಕ್ಕಿಂತ ದಪ್ಪನೆಯ ಬೊಂತೆಯನ್ನು ಬಗಲಿಗಿಟ್ಟುಕೊಂಡವನು ಆ ಮೇಸ್ತ್ರಿಯೇ. ಸಾಕಮ್ಮ ಸೊಂಟಕ್ಕೆ ಕೈಯಿಟ್ಟು, ಯುದ್ಧ ಗೆದ್ದವಳಂತೆ ನೋಡುತ್ತಿದ್ದಳು.

ಅದೇ ನಮ್ಮ ಕೊನೆಯ ಸುತ್ತು. ಯುಗಾದಿಯ ಹೊತ್ತಿಗೆ ಆಕೆ ಇರಲಿಲ್ಲ. ಭೇರ್ಯಕ್ಕೆ ಹೋದ ಆ ದಿನ ಮಾತ್ರ ಸಂಜೆ ನಾಲ್ಕಕ್ಕೆ ಮನೆಗೆ ಬಂದು, ಇಬ್ಬರೂ ಸೇರಿ ಎಂಟು ಚೀಲಗಳನ್ನು ತಲೆಕೆಳಗು ಮಾಡಿ ಕೊಡವಿದೆವು. ಒಂದು ನೂಲೂ ಉದುರಲಿಲ್ಲ.