ನುಂಗಿಕೊಂಡ ಪುಟ್ಟ ಪದ

ಕುಂದಲಹಳ್ಳಿ ಹತ್ತಿರದ ಪದವಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಕೊನೆಯ ವರ್ಷದವರಿಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸುವಾಗ ಒಂದು ಸಂಗತಿ ಕಿವಿಗೆ ಬಿತ್ತು. 'ಡಿಪೆಂಡ್ಸ್', 'ಇಂಟರೆಸ್ಟೆಡ್' ಎಂದು ಗಟ್ಟಿಯಾಗಿ ಹೇಳುವವರು, ಅದರ ಬೆನ್ನಿಗೇ ಬರಬೇಕಾದ 'ಆನ್', 'ಇನ್' ಹತ್ತಿರ ಬಂದ ಕೂಡಲೇ, ಹಂಪ್ ಕಂಡ ಬೈಕಿನ ಹಾಗೆ ದನಿ ಇಳಿಸಿಬಿಡುತ್ತಿದ್ದರು. ನನಗೆ ರೇಗಿತು.

"ಏನಮ್ಮಾ, ಆ ಪದ ನುಂಗ್ಬಿಡ್ತೀಯಲ್ಲ, ಯಾಕೆ?" ಎಂದು ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದೆ.

"ಸೀನಿಯರ್ಸ್ ಹೇಳ್ಕೊಟ್ಟಿದ್ದು ಮೇಡಂ. ಯಾವ ಪದ ಬರುತ್ತೆ ಅಂತ ಗೊತ್ತಾಗ್ದಿದ್ರೆ ಮೆಲ್ಲಗೆ ಅಂದ್ಬಿಡಿ, ಕೇಳೋರೇ ಸರಿಯಾಗಿರೋದನ್ನ ತುಂಬಿಸ್ಕೋತಾರೆ ಅಂದ್ರು."

ನನ್ನ ಸಿಟ್ಟು ಅಲ್ಲೇ ಇಳಿಯಿತು. ಪಾಪ, ಇಷ್ಟು ವರ್ಷ ಪರೀಕ್ಷೆಗಳಲ್ಲಿ ಇವರ ಅಂಕಗಳೆಲ್ಲ ಸೋರಿಹೋದದ್ದು ಆ ಪುಟ್ಟ ಪದಗಳಲ್ಲೇ ಅಲ್ಲವೇ?

"ಇವತ್ತು ನಾನು ಯಾರನ್ನೂ ತಿದ್ದಲ್ಲ. ಮಿಕ್ಕಿದ್ದನ್ನ ಹೇಗಾದ್ರೂ ಹೇಳಿ, ಆ ಪದ ಮಾತ್ರ ಜೋರಾಗಿ ಹೇಳಿ," ಎಂದೆ.

ಹುಡುಗಿ ಎದ್ದು ನಿಂತಳು. ಕನ್ನಡದಲ್ಲಿ ನಮಗೆ ಸಿಟ್ಟು ಬರುವುದು ಒಬ್ಬರ ಮೇಲೆ ತಾನೇ? ಅದೇ ಲೆಕ್ಕದಲ್ಲಿ, "ಐ ಆಮ್ ಆಂಗ್ರಿ ಆನ್ ಯೂ, ಮೇಡಂ!" ಎಂದು ಕೂಗಿದಳು.

ತಪ್ಪೇ, 'ವಿತ್' ಎನ್ನಬೇಕಿತ್ತು. ಆದರೆ ಮೂರು ವರ್ಷದಲ್ಲಿ ಅವಳ ಮಾತು ನನಗೆ ಪೂರ್ತಿಯಾಗಿ ಕೇಳಿಸಿದ್ದು ಅದೇ ಮೊದಲು.