ಮೇಲ್ಮಧ್ಯಮ ದರ್ಜೆಯ ಬೀಗರು

ಮನುಷ್ಯರಲ್ಲಿ ‘ಮೇಲ್ಮಧ್ಯಮ’ ಎಂಬ ಒಂದು ದರ್ಜೆ ಇದೆಯೆಂದು ನನಗೆ ಇಷ್ಟು ವಯಸ್ಸಾಗುವವರೆಗೂ ಗೊತ್ತಿರಲಿಲ್ಲ. ರೈಲಿನಲ್ಲಿ ಮೇಲಿನ ಬರ್ತು ಗೊತ್ತು, ನಡುವಿನ ಬರ್ತು ಗೊತ್ತು. ಅವೆರಡರ ಮಧ್ಯೆ ತೂಗಾಡಿಕೊಂಡು ಪ್ರಯಾಣ ಮಾಡುವವರನ್ನು ನಾನು ಮೊದಲು ಕಂಡದ್ದು ತಮಿಳು ಸೀಮೆಯ ಗಡಿಯಲ್ಲಿರುವ ನಮ್ಮ ಹೊಸೂರಿನಲ್ಲಿ, ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಲ್ಲಿ ಇಂಗ್ಲಿಷ್ ಕಲಿಸುವ ಸಂಸ್ಥೆಯೊಂದಿದೆ. ಸುತ್ತಲಿನ ಕಾರ್ಖಾನೆಗಳು ತಮ್ಮ ಮೇಲ್ವಿಚಾರಕರನ್ನು ಸಂಜೆ ಹೊತ್ತು ಅಲ್ಲಿಗೆ ಕಳಿಸುತ್ತವೆ. ಕೆಲವು ತಿಂಗಳು ಕಲಿತ ಮೇಲೆ ಅವರ ‘ವ್ಯವಹಾರದ ಇಂಗ್ಲಿಷ್’ ಮೇಲ್ಮಧ್ಯಮಕ್ಕೆ ಏರಿದೆಯೋ, ಬರಿಯ ಮಧ್ಯಮದಲ್ಲೇ ಕಾಲು ಚಾಚಿ ಮಲಗಿದೆಯೋ ಎಂದು ಅಳೆಯಬೇಕು. ಅಳೆಯುವವಳು ನಾನು.

ನಾನು ಸರ್ಕಾರಿ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತಳಾದವಳು. ಜೀವಮಾನವಿಡೀ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಕೂತ ದೇಹ ಇದು. ಈಗಲೂ ಐದಕ್ಕೆ ಏಳುತ್ತೇನೆ, ಆರಕ್ಕೆ ನಡೆಯುತ್ತೇನೆ, ಏಳಕ್ಕೆ ತಿಂಡಿ ಮುಗಿಸುತ್ತೇನೆ. ಏಳರ ನಂತರ ಏನು ಮಾಡಬೇಕೆಂಬುದನ್ನು ಸರ್ಕಾರ ಹೇಳಿಕೊಡದೆಯೇ ನಿವೃತ್ತಿ ಕೊಟ್ಟುಬಿಟ್ಟಿತು. ಹಾಗಾಗಿ ಆ ಸಂಸ್ಥೆಯವರು ಕರೆದಾಗ ಒಪ್ಪಿಕೊಂಡೆ. ಅವರಿಗೆ ಬೇಕಾದದ್ದು ಗಡಿಯಾರ ನೋಡಿ ‘ಸಾಕು, ನಿಲ್ಲಿಸಿ’ ಎನ್ನಬಲ್ಲ ಒಬ್ಬ ಹಿರಿಯರು. ಆ ವಿದ್ಯೆಯಲ್ಲಿ ನಾನು ಮಧ್ಯಮಳಲ್ಲ.

ಅಂಕದ ಹಾಳೆಯನ್ನು ಮೊದಲ ಸಲ ಓದಿದಾಗ ನನ್ನ ಅಜ್ಞಾನದ ಬಗ್ಗೆ ನನಗೇ ಮರುಕ ಹುಟ್ಟಿತು. ವ್ಯವಹಾರ ಎಂದರೆ ಕೊಡುವುದು, ಕೊಳ್ಳುವುದು ಎಂದು ತಿಳಿದಿದ್ದೆ. ಹಾಗಲ್ಲವಂತೆ. ಮೊದಲು ‘ಹಗುರ ಮಾತುಕತೆ’ ಆಡಬೇಕು. ಅದಕ್ಕೆ ಹವಾಮಾನ ಪ್ರಶಸ್ತ ವಿಷಯ. ಆದರೆ ಹೊಸೂರಿನ ಹವಾಮಾನದ ಬಗ್ಗೆ ‘ಚೆನ್ನಾಗಿದೆ’ ಎಂದ ಮೇಲೆ ಏನು ಉಳಿಯುತ್ತದೆ? ಹಳ್ಳಿಯ ಕಡೆಯ ಒಬ್ಬಾತ ಅದನ್ನು ಅರ್ಧ ಉಸಿರಿನಲ್ಲಿ ಮುಗಿಸಿ, ಉಳಿದ ಸಮಯದಲ್ಲಿ ನನಗೆ ಎಷ್ಟು ಮಕ್ಕಳು, ಮನೆ ಸ್ವಂತದ್ದೋ ಬಾಡಿಗೆಯೋ, ಪಿಂಚಣಿ ಎಷ್ಟು ಬರುತ್ತದೆ, ಮಂಡಿನೋವಿಗೆ ಯಾರ ಹತ್ತಿರ ತೋರಿಸುತ್ತೇನೆ ಎಲ್ಲವನ್ನೂ ಚೊಕ್ಕ ಇಂಗ್ಲಿಷಿನಲ್ಲಿ ವಿಚಾರಿಸಿಕೊಂಡ. ನಾನೂ ಎಲ್ಲದಕ್ಕೂ ಉತ್ತರ ಕೊಟ್ಟೆ. ಜನಗಣತಿಯವರಿಗೆ ನಾನು ಅಷ್ಟು ಹೇಳಿಲ್ಲ. ಹಾಳೆಯ ಪ್ರಕಾರ ‘ಖಾಸಗಿ ಪ್ರಶ್ನೆ ಕೇಳುವುದು’ ಸೊನ್ನೆಗೆ ಅರ್ಹ. ಸೊನ್ನೆ ಕೊಟ್ಟೆ. ಅವನು ಹೇಳಿದ ಎಣ್ಣೆಯನ್ನು ಮಂಡಿಗೆ ಇಂದಿಗೂ ಹಚ್ಚುತ್ತಿದ್ದೇನೆ.

ಎರಡನೆಯದು ಫೋನ್ ಸಂಭಾಷಣೆ. ಒಬ್ಬರ ಮುಖ ಒಬ್ಬರಿಗೆ ಕಾಣಬಾರದೆಂದು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಹಾಕುತ್ತಾರೆ. ಈ ಏರ್ಪಾಡನ್ನು ಯೋಚಿಸಿದವರು ಯಾವ ದೇಶದವರೋ, ನಮ್ಮ ಕಡೆಯವರಂತೂ ಅಲ್ಲ. ಹಿರಿಯಳಾದ ನನಗೆ ಬೆನ್ನು ತೋರಿಸಿ ಕೂರಲು ಒಬ್ಬರಿಗಾದರೂ ಮನಸ್ಸು ಬರಬೇಕಲ್ಲ. ‘ಹಲೋ’ ಎನ್ನುವಾಗ ಕುರ್ಚಿ ಕಾಲು ಭಾಗ ತಿರುಗುತ್ತದೆ, ‘ಗುಡ್ ಮಾರ್ನಿಂಗ್’ಗೆ ಅರ್ಧ, ವಿಷಯಕ್ಕೆ ಬರುವ ಹೊತ್ತಿಗೆ ಆಸಾಮಿ ಎದುರಿಗೇ ಕೈಕಟ್ಟಿ ಕೂತಿರುತ್ತಾನೆ. ಹಾಳೆಯಲ್ಲಿ ವಿನಯಕ್ಕೆ ಬೇರೆ ಅಂಕಗಳಿವೆ. ಅವು ‘ಪ್ಲೀಸ್’ ಎಂಬ ಮಾತಿಗೆ ಮೀಸಲು. ಕುರ್ಚಿ ತಿರುಗಿಸಿದ್ದಕ್ಕೆ ಏನೂ ಇಲ್ಲ.

ವ್ಯವಹಾರದ ಭಾಷೆ ಈ ಸೀಮೆಗೆ ಹೊಸದು ಎಂದು ನಂಬಿಕೊಂಡವರಿಗೆ ನಮ್ಮ ಹೊಲದ ಬದುಗಳಲ್ಲಿ ನಿಂತಿರುವ ಹಳೆಯ ದಾನದ ಕಲ್ಲುಗಳನ್ನು ತೋರಿಸಬೇಕೆನಿಸುತ್ತದೆ. ಕೊಟ್ಟವನು ಯಾರು, ಪಡೆದವನು ಯಾರು, ಮೂಡಣಕ್ಕೆ ಯಾವ ಕೆರೆ, ಪಡುವಣಕ್ಕೆ ಯಾವ ಹುಣಸೆಮರ, ಕೊನೆಗೆ ಇದಕ್ಕೆ ತಪ್ಪಿದವನು ಯಾವ ನರಕಕ್ಕೆ ಹೋಗುತ್ತಾನೆ. ಒಂದು ಅಕ್ಷರ ಹೆಚ್ಚಿಲ್ಲ. ಈಗಿನ ಈಮೇಲುಗಳು ‘ನೀವು ಕ್ಷೇಮವೆಂದು ಭಾವಿಸುತ್ತೇನೆ’ ಎಂದು ಶುರುವಾಗಿ, ನರಕದ ಪ್ರಸ್ತಾಪವನ್ನು ಮೂರನೆಯ ಈಮೇಲಿನವರೆಗೆ ಮುಂದೂಡುತ್ತವೆ. ಮೇಲ್ಮಧ್ಯಮದವರಿಗೆ ಈ ಮುಂದೂಡುವ ಕಲೆಯನ್ನೇ ಕಲಿಸುವುದು. ಇದು ನಮ್ಮವರಿಗೆ ಹುಟ್ಟಿನಿಂದಲೇ ಬಂದಿದೆ ಎಂಬುದು ಸಂಸ್ಥೆಯವರಿಗೆ ತಿಳಿಯದು.

ಹುಟ್ಟಿನಿಂದ ಬಂದ ಆ ಕಲೆಯಿಂದಲೇ ಒಬ್ಬ ಹುಡುಗಿಯ ಓದು ಕೆಡುವುದರಲ್ಲಿತ್ತು. ಸಂಕ್ರಾಂತಿಯಾದ ಮೇಲಿನ ಭಾನುವಾರದ ವಿಷಯ ಇದು.

ಪರೀಕ್ಷೆ ಶುರುವಾಗುವ ಮೊದಲು ನಾನು ವರಾಂಡದ ಬೆಂಚಿನ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಇಸ್ತ್ರಿ ಅಂಗಿಯ ಒಬ್ಬಾತ ಫೋನಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದ. “ಅವ್ರಿಗೆ ಏಳ್ತೀನಿ ಕಣವ್ವಾ… ಈ ಸಲ ಏಳೇ ಏಳ್ತೀನಿ. ಅಳಬ್ಯಾಡ. ನೀನು ಓದ್ಕೊ ಓಗು.” ಫೋನ್ ಇಟ್ಟವನೇ ನನ್ನ ಕೈಯಲ್ಲಿದ್ದ ಕನ್ನಡ ಪತ್ರಿಕೆ ನೋಡಿ, “ಟೀಚರಮ್ಮನೋರು ನಮ್ ಕಡೇರಾ?” ಎಂದ. ವಯಸ್ಸಾದ ಹೆಂಗಸೊಬ್ಬಳು ಕೆಲಸವಿಲ್ಲದೆ ಕೂತಿದ್ದರೆ ಜನ ಅವಳನ್ನು ದೇವಸ್ಥಾನದ ಕಂಬ ಎಂದುಕೊಂಡು ಒರಗಿ ಎಲ್ಲವನ್ನೂ ಹೇಳಿಬಿಡುತ್ತಾರೆ. ಇವನೂ ಹೇಳಿದ.

ಹೆಸರು ಮುನಿರಾಜು. ಕೆಲಮಂಗಲದವನು. ಮಗಳು ಕೃಷ್ಣಗಿರಿಯಲ್ಲಿ ನರ್ಸಿಂಗ್ ಕೊನೆಯ ವರ್ಷ. ಯುಗಾದಿಯಾದ ಮೇಲೆ ಪರೀಕ್ಷೆ. ಮದುವೆ ಗೊತ್ತಾಗಿದೆ, ಎಲೆ ಅಡಿಕೆ ಬದಲಾಯಿಸಿ ಆಗಿದೆ. ಗಂಡಿನ ಕಡೆಯವರು ಶಿವರಾತ್ರಿ ಕಳೆದ ಕೂಡಲೇ ಲಗ್ನ ಇಡೋಣ ಅನ್ನುತ್ತಿದ್ದಾರೆ. ಪರೀಕ್ಷೆಯ ಮಾತು ಬಂದರೆ ‘ಮದ್ವೆ ಆದ್ಮೇಲೆ ನೋಡಾನ’ ಎನ್ನುತ್ತಾರೆ. ನಮ್ಮ ಕಡೆ ‘ನೋಡೋಣ’ ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

“ನೇರ ಹೋಗಿ ಹೇಳಬೇಕಪ್ಪ, ಪರೀಕ್ಷೆ ಮುಗೀಲಿ ಅಂತ” ಎಂದೆ. ಇತರರ ಕಷ್ಟಕ್ಕೆ ನನ್ನ ಬಳಿ ಯಾವಾಗಲೂ ಒಂದು ಸಾಲಿನ ಪರಿಹಾರವಿರುತ್ತದೆ.

“ಓಗಿದ್ದೆ ಟೀಚರಮ್ಮ, ಎರಡು ಸಲ. ಓದ ತಕ್ಷಣ ಕಾಲಿಗೆ ನೀರು ಕೊಟ್ಟು ಊಟಕ್ಕೆ ಕುಂಡ್ರಿಸ್ಬುಡ್ತಾರೆ. ಅವರ ಮನೇಲಿ ಉಂಡ ಕೈಯಿ, ಅಂಗೇ ತೊಳ್ಕೊಂಡು ಎದ್ದು ‘ನಿಮ್ ಮಾತು ನಡೀದಿಲ್ಲ’ ಅಂತ ಎಂಗನ್ನಾದು? ಅದೂ ನಾವು ಹೆಣ್ಣಿನ ಕಡೇರು.”

“ಊಟಕ್ಕೆ ಮೊದಲೇ ಹೇಳಿ.”

“ಬಂದವ್ರು ಬಾಯಿ ತೆಗೆಯಾಕ್ ಮುಂಚೆನೇ ಎಲೆ ಆಕಿರ್ತಾರೆ. ಅದೇ ಅಲ್ವಾ ತೊಂದ್ರೆ. ಬೋ ಒಳ್ಳೆ ಜನ.”

ಒಳ್ಳೆಯ ಜನರಿಂದ ಆಗುವ ತೊಂದರೆಗೆ ನನ್ನ ಬಳಿ ಒಂದು ಸಾಲಿನ ಪರಿಹಾರ ಇರಲಿಲ್ಲ. ಗಂಟೆ ಹೊಡೆಯಿತು. ಒಳಗೆ ಹೋದೆ.

ಸಂಸ್ಥೆಯ ಪರವಾಗಿ ಪರೀಕ್ಷೆ ನಡೆಸುವ ಹುಡುಗಿ ಪ್ರಿಯಾ, ಕೊಯಮತ್ತೂರಿನವಳು. ಪರೀಕ್ಷೆಯ ಕೊನೆಯ ಭಾಗ ಇಬ್ಬಿಬ್ಬರ ನಡುವಿನ ಮಾತುಕತೆ; ಅದಕ್ಕೆ ಅಭ್ಯರ್ಥಿಗಳನ್ನು ಜೋಡಿ ಮಾಡುವುದು ಅವಳ ಕೆಲಸ. ಒಂದೇ ಕಾರ್ಖಾನೆಯವರು ಜೋಡಿಯಾಗಬಾರದು, ನಂಟರು ಜೋಡಿಯಾಗಬಾರದು ಎಂಬುದು ನಿಯಮ. ಅವಳ ಕಂಪ್ಯೂಟರು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ ಮುನಿರಾಜುವಿನ ಜೊತೆಗೆ ಸೂಳಗಿರಿಯ ತಿಮ್ಮರಾಯಪ್ಪ ಎಂಬುವರನ್ನು ಹಾಕಿತ್ತು. ಬೇರೆ ಕಾರ್ಖಾನೆ, ಬೇರೆ ಊರು, ಬೇರೆ ಇಲಾಖೆ.

ಬಾಗಿಲಲ್ಲಿ ಏನೋ ತಡವಾಯಿತು. ನೋಡಿದರೆ ಇಬ್ಬರೂ ಹೊರಗೇ ನಿಂತಿದ್ದಾರೆ.

“ನೀವು ಮುಂದೆ ನಡೀರಿ ಬೀಗ್ರೇ.”

“ಅಯ್ಯೋ, ಎಲ್ಲಾನಾ ಉಂಟಾ. ನೀವು ನಡೀರಿ.”

ಇಬ್ಬರಲ್ಲಿ ಯಾರೂ ನಡೆಯಲಿಲ್ಲ. ನನ್ನ ಗಡಿಯಾರ ನಡೆಯಿತು. ಕೊನೆಗೆ ನಾನು ಶಾಲೆಯ ದನಿಯಲ್ಲಿ “ಒಳಗೆ” ಎಂದೆ. ಇಬ್ಬರೂ ಒಟ್ಟಿಗೆ ನುಗ್ಗಿ ಬಾಗಿಲಲ್ಲಿ ಭುಜ ತಾಗಿಸಿಕೊಂಡರು. ಎರಡು ಸಲ ಊಟ ಹಾಕಿ ಕಳಿಸಿದ ಒಳ್ಳೆಯ ಜನ ಇವರೇ ಎಂದು ನನಗೆ ಗೊತ್ತಾಯಿತು.

ಪ್ರಿಯಾ ಕಾಗದ ನೋಡಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು: “ನೀವಿಬ್ಬರೂ ಸಂಬಂಧಿಕರಾ?”

“ನಾಟ್ ಯೆಟ್” ಎಂದರು ತಿಮ್ಮರಾಯಪ್ಪ, ಇದ್ದದ್ದನ್ನು ಇದ್ದ ಹಾಗೆ. ಅವಳು ಗುರುತು ಹಾಕಿಕೊಂಡಳು. ನಿಯಮ ಪಾಲನೆಯಾಯಿತು.

ಆ ದಿನ ಎಲ್ಲ ಜೋಡಿಗಳಿಗೂ ಕಾರ್ಡಿನಲ್ಲಿ ಅಚ್ಚು ಹಾಕಿ ಕೊಟ್ಟದ್ದು ಒಂದೇ ಸನ್ನಿವೇಶ. ಒಬ್ಬ ಗಿರಾಕಿ, ಒಬ್ಬ ಸರಬರಾಜುದಾರ. ಸರಕು ಹೇಳಿದ ದಿನಕ್ಕೆ ಬರುವುದಿಲ್ಲ. ಗಿರಾಕಿ ಬಿಗಿಯಾಗಿ ಆಕ್ಷೇಪಿಸಬೇಕು. ಸರಬರಾಜುದಾರ ಆ ಕಹಿ ಸುದ್ದಿಯನ್ನು ಬಾಯಿಬಿಟ್ಟು ಹೇಳಿ, ಹೊಸ ದಿನಕ್ಕೆ ಒಪ್ಪಿಸಬೇಕು. ತಿಮ್ಮರಾಯಪ್ಪ ಗಿರಾಕಿ. ಮುನಿರಾಜು ಸರಬರಾಜುದಾರ.

ಮುಂದಿನ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತಂದದ್ದು ನಾನು.

“ಸರ್, ಸರಕು ತಡವಾದರೂ ಪರವಾಗಿಲ್ಲ” ಎಂದು ಗಿರಾಕಿ ಆಕ್ಷೇಪಣೆಯನ್ನು ಆರಂಭಿಸಿದರು.

“ಛೆ, ಛೆ, ತಡ ಮಾಡುವುದಿಲ್ಲ ಸರ್. ಹಗಲೂ ರಾತ್ರಿ ಕೆಲಸ ಮಾಡಿಸಿ ಕಳಿಸುತ್ತೇನೆ” ಎಂದು ಸರಬರಾಜುದಾರ ಕಹಿ ಸುದ್ದಿ ಮುಟ್ಟಿಸಿದ.

“ಅಷ್ಟು ಕಷ್ಟ ತೆಗೆದುಕೊಳ್ಳಬೇಡಿ ಸರ್.”

“ಕಷ್ಟವೇನು ಸರ್, ನಮ್ಮ ಧರ್ಮ.”

ಹೀಗೆ ಒಬ್ಬರ ನಷ್ಟವನ್ನು ಒಬ್ಬರು ಕಿತ್ತಾಡಿಕೊಂಡು ಮೈಮೇಲೆ ಎಳೆದುಕೊಳ್ಳುವ ವ್ಯವಹಾರ ಲೋಕದ ಯಾವ ಪೇಟೆಯಲ್ಲೂ ನಡೆದಿರಲಾರದು. ಪ್ರಿಯಾ ಪೆನ್ನು ಕಚ್ಚುತ್ತಿದ್ದಳು. ನಾನು ಮೇಜು ತಟ್ಟಿದೆ. “ಗಿರಾಕಿಗೆ ಸಿಟ್ಟು ಬಂದಿದೆ ಎಂದು ಕಾರ್ಡಿನಲ್ಲಿದೆ. ಬರಿಸಿಕೊಳ್ಳಿ” ಎಂದೆ.

ತಿಮ್ಮರಾಯಪ್ಪನವರು ಶಿಸ್ತಿನ ಮನುಷ್ಯ. ಕಾರ್ಡನ್ನು ಇನ್ನೊಮ್ಮೆ ಓದಿ, ಗಂಟಲು ಸರಿಮಾಡಿಕೊಂಡು, ಬೀಗರ ಮುಖ ನೋಡದೆ ಗೋಡೆಗೆ ಹೇಳಿದರು: “ನೀವು ದಿನ ಒಪ್ಪಿಕೊಂಡಿದ್ದಿರಿ. ಈಗ ಆಗದು ಎನ್ನುತ್ತೀರಿ. ಕಾರಣ ಏನು? ನನಗೆ ಕಾರಣ ಬೇಕು.”

ಮುನಿರಾಜು ಕಾರ್ಡನ್ನು ನೋಡಿದ. ಕಾರಣ ಅಲ್ಲಿ ಅಚ್ಚಾಗಿತ್ತು: ಯಂತ್ರ ಕೆಟ್ಟಿದೆ ಎಂದು. ಅದನ್ನು ಓದಿದ್ದರೆ ಮುಗಿಯುತ್ತಿತ್ತು. ಅವನು ಕಾರ್ಡನ್ನು ಮೇಜಿನ ಮೇಲೆ ಮಗುಚಿಟ್ಟ.

“ಸರ್, ಇದು ಸರಕಿನ ಮಾತಲ್ಲ. ನನ್ನ ಮಗಳಿಗೆ ಯುಗಾದಿ ಕಳೆದ ಮೇಲೆ ಕೊನೆಯ ಪರೀಕ್ಷೆ ಇದೆ. ಅದಕ್ಕೆ ಮೊದಲು ಮದುವೆಯಾದರೆ ಅವಳು ಬರೆಯುವುದಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ನಿಮ್ಮ ದಿನಕ್ಕೆ ನನಗೆ ಆಗುವುದಿಲ್ಲ. ಇದನ್ನು ಹೇಳಲು ಎರಡು ಸಲ ನಿಮ್ಮ ಮನೆಗೆ ಬಂದೆ. ನೀವು ಊಟ ಹಾಕಿದಿರಿ.”

ಕನ್ನಡ, ತಮಿಳು, ತೆಲುಗು ಮೂರನ್ನೂ ಅರಳು ಹುರಿದಂತೆ ಆಡುವ ಮನುಷ್ಯ ಅವನು. ಆ ಮೂರರಲ್ಲೂ ಅವನು ಹೆಣ್ಣು ಕೊಡುವವನು. ಬಾಯಿ ತೆರೆಯುವ ಮೊದಲೇ ಬೆನ್ನು ಬಗ್ಗಿರುತ್ತದೆ. ಟೈರ್ ಅಂಗಡಿಯ ಮೇಲೆ ಕಲಿತ ಈ ಭಾಷೆಯಲ್ಲಿ ಮಾತ್ರ ಅವನಿಗೆ ನಂಟರಿಲ್ಲ, ಯಾರ ಮನೆಯಲ್ಲೂ ಉಂಡ ಋಣವಿಲ್ಲ. ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡುವಾಗ, ಅದರಿಂದ ಏನು ಪ್ರಯೋಜನ ಎಂದು ಮಕ್ಕಳು ಕೇಳಿದಾಗಲೆಲ್ಲ ನಾನು ಪಠ್ಯಪುಸ್ತಕದ ಉತ್ತರವನ್ನೇ ಹೇಳುತ್ತ ಬಂದಿದ್ದೆ. ಈ ಉತ್ತರ ಅದರಲ್ಲಿರಲಿಲ್ಲ.

ಅಭ್ಯರ್ಥಿ ವಿಷಯ ಬಿಟ್ಟರೆ ಕೂಡಲೇ ದಾರಿಗೆ ತರಬೇಕೆಂಬ ನಿಯಮವಿದೆ. ಪ್ರಿಯಾ ನನ್ನತ್ತ ನೋಡಿದಳು. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಕನ್ನಡಕ ಒರೆಸಬಾರದೆಂಬ ನಿಯಮವಿಲ್ಲ.

ತಿಮ್ಮರಾಯಪ್ಪನವರು ಗೋಡೆಯಿಂದ ಕಣ್ಣು ಕಿತ್ತು ಬೀಗರನ್ನು ನೋಡಿದರು. “ಊಟದ ಹೊತ್ತಿನಲ್ಲೇ ಯಾಕೆ ಹೇಳಲಿಲ್ಲ?”

“ಊಟ ಚೆನ್ನಾಗಿತ್ತು ಸರ್.”

ಕೆಳಗೆ ಟೈರಿಗೆ ಗಾಳಿ ಹಾಕುವ ಸದ್ದು.

“ಹೊಸ ದಿನ ಹೇಳಿ” ಎಂದರು ತಿಮ್ಮರಾಯಪ್ಪ.

“ಪರೀಕ್ಷೆ ಮುಗಿದು ಫಲಿತಾಂಶ ಬರುವ ಹೊತ್ತಿಗೆ ಆಷಾಢ ಹತ್ತಿರವಾಗುತ್ತದೆ. ನಮ್ಮ ಆಷಾಢ ಕಳೆಯಬೇಕು. ತಮಿಳರ ಆಡಿ ತಿಂಗಳೂ ಕಳೆಯಬೇಕು, ನಿಮ್ಮ ತಂಗಿಯ ಮನೆಯವರು ಅದನ್ನು ನೋಡುತ್ತಾರೆ. ಶ್ರಾವಣದ ಕೊನೆಯಲ್ಲಿ ಇಡೋಣ.”

“ನನ್ನ ತಾಯಿ ಬಯ್ಯುತ್ತಾರೆ. ಅದು ನನ್ನ ಪಾಲಿಗಿರಲಿ. ಒಂದು ಷರತ್ತು.”

ಮುನಿರಾಜು ಕುರ್ಚಿಯ ಅಂಚನ್ನು ಹಿಡಿದುಕೊಂಡ.

“ಹುಡುಗಿ ಪಾಸಾಗಬೇಕು. ತಡ ಮಾಡಿಯೂ ಫೇಲಾದಳು ಅಂದರೆ ತಾಯಿಯ ಎದುರಿಗೆ ನಾನು ನಿಲ್ಲುವ ಹಾಗಿಲ್ಲ.”

ಗಂಟೆ ಹೊಡೆದೆ. ಇಬ್ಬರೂ ಎದ್ದು ನನಗೆ ಕೈಮುಗಿದರು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಇಂಗ್ಲಿಷ್ ಇಳಿದುಹೋಗಿತ್ತು. “ನಡೀರಿ ಬೀಗ್ರೇ.” “ನೀವು ನಡೀರಿ.” ಮೆಟ್ಟಿಲಿನಿಂದ ಮುನಿರಾಜುವಿನ ಇನ್ನೊಂದು ಮಾತು ಕೇಳಿಸಿತು: “ಬೋಂಡಾ ತಿನ್ಕೊಂಡೇ ಓಗಾನ ಬನ್ನಿ ಬೀಗ್ರೇ, ಈ ಸಲ ಕಾಸು ನಂದು.” ಒಳಗೆ ನಡೆದದ್ದರ ಬಗ್ಗೆ ಒಂದಕ್ಷರವಿಲ್ಲ.

ಅಂಕ ಹಾಕುವಾಗ ನಾನು ಯಾರ ಮುಖವನ್ನೂ ನೆನೆಸಿಕೊಳ್ಳುವವಳಲ್ಲ. ಹಾಳೆ ಕೇಳಿದ್ದಕ್ಕೆ ಮಾತ್ರ ಉತ್ತರ. ಮುನಿರಾಜು ಕಾರ್ಡು ಬಿಟ್ಟು ಮಾತಾಡಿದ, ಅಂಕ ಕಳೆದೆ. ಅಹಿತವಾದ ಸುದ್ದಿಯನ್ನು ಸ್ಪಷ್ಟವಾಗಿ ಹೇಳಿದನೇ? ಹೇಳಿದ. ಹೊಸ ದಿನಕ್ಕೆ ಎದುರಾಳಿಯನ್ನು ಒಪ್ಪಿಸಿದನೇ? ಒಪ್ಪಿಸಿದ. ಮೇಲ್ಮಧ್ಯಮಕ್ಕೆ ಏರಿದ. ತಿಮ್ಮರಾಯಪ್ಪನವರ ಹಾಳೆ ಕೇಳಿತು: ತನ್ನ ಕಡೆಯ ಹಿತವನ್ನು ಕೊನೆಯವರೆಗೂ ಕಾಯ್ದುಕೊಂಡರೇ? ಇಲ್ಲ. ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಏನಾದರೂ ಪಡೆದರೇ? ಬೈಗುಳ ಪಡೆದರು ಎಂದು ಬರೆಯಲು ಜಾಗವಿರಲಿಲ್ಲ. ಎಲ್ಲ ಕೂಡಿದರೆ ಅವರು ಬರಿಯ ಮಧ್ಯಮ. ಇನ್ನೊಮ್ಮೆ ಪರೀಕ್ಷೆಗೆ ಕೂರಬೇಕು.

“ಮೇಡಂ, ಮರುಪರೀಕ್ಷೆಗೆ ಹಾಕಿದವರ ಬಗ್ಗೆ ನೀವು ಒಂದು ವಾಕ್ಯ ಬರೀಲೇಬೇಕು” ಎಂದಳು ಪ್ರಿಯಾ ತನ್ನ ತಮಿಳು ಬೆರೆತ ಕನ್ನಡದಲ್ಲಿ. “ಈ ವ್ಯಕ್ತಿಯ ಜೊತೆ ವ್ಯವಹಾರ ಮಾಡಬಹುದಾ ಅಂತ.”

ಇಂಗ್ಲಿಷಿನಲ್ಲಿ ಹಲವು ವಾಕ್ಯಗಳನ್ನು ಮನಸ್ಸಿನಲ್ಲೇ ಕಟ್ಟಿ ನೋಡಿದೆ. ಒಂದೂ ತೂಗಲಿಲ್ಲ. ಕೊನೆಗೆ ಕನ್ನಡದಲ್ಲಿ ಬರೆದೆ: “ಇವರ ಮನೆಗೆ ಹೆಣ್ಣು ಕೊಡಬಹುದು.”

ಪ್ರಿಯಾಳಿಗೆ ಕನ್ನಡ ಓದಲು ಬಾರದು. ಏನೆಂದು ಕೇಳಿದಳು, ಓದಿ ಹೇಳಿದೆ. ಅರ್ಥ ಹೇಳಬೇಕಾಗಲಿಲ್ಲ. ಅವಳ ಊರಿನಲ್ಲೂ ಇದೇ ಮಾತು ಇದೇ ಬೆಲೆಗೆ ನಡೆಯುತ್ತದೆ. ಹಾಳೆಯನ್ನು ತನ್ನತ್ತ ಎಳೆದುಕೊಂಡು, ಕೆಳಗೆ ಸಂಸ್ಥೆಯ ಮುದ್ರೆ ಒತ್ತಿದಳು.